ಬೇಸಿಗೆಗೊಂದು ಪಾಸ್ತಾ ಸಲಾಡ್: ಡಬ್ಬಿ ಸಾಮಾನು, ನಾಟಿ ಟೊಮೆಟೊ, ಗಾಣದ ಎಣ್ಣೆ

ಬೇಕಾಗಿದ್ದು ಇಷ್ಟು. ಬೆಳಿಗ್ಗೆ ಏಳೂವರೆ ಒಳಗೆ ಒಲೆ ಆರಿಸಿರಬೇಕು. ಮಧ್ಯಾಹ್ನ ಒಂದು ಗಂಟೆಗೆ ಫ್ರಿಜ್‌ನಿಂದ ತೆಗೆದು ಬಡಿಸಿದರೆ ನಾಲ್ಕು ಜನರ ಹೊಟ್ಟೆ ತುಂಬಬೇಕು. ಆಲಿವ್ ಎಣ್ಣೆ, ಚೀಸ್, ಮೇಯೊನೇಸ್ ಯಾವುದನ್ನೂ ಇದಕ್ಕೇ ಅಂತ ಕೊಳ್ಳುವ ಹಾಗಿಲ್ಲ. ಅಡುಗೆಮನೆ ಡಬ್ಬಿಗಳಲ್ಲಿ ಏನಿದೆಯೋ ಅದು, ಜೊತೆಗೆ ಕೋಲಾರದ ಮಾರ್ಕೆಟ್‌ನಲ್ಲಿ ದಿನಾ ಸಿಗುವ ತರಕಾರಿ. ಖರ್ಚು ಇನ್ನೂರು ರೂಪಾಯಿ ದಾಟಬಾರದು.

ನಮ್ಮದು ಮೇಲಿನ ಮನೆ. ತಲೆ ಮೇಲೆ ಬರೀ ತಾರಸಿ. ಏಪ್ರಿಲ್ ಬಂತೆಂದರೆ ಹನ್ನೊಂದು ಗಂಟೆ ಮೇಲೆ ಅಡುಗೆಮನೆಯಲ್ಲಿ ನಿಲ್ಲುವುದಕ್ಕೆ ಆಗುವುದಿಲ್ಲ. ಮಜ್ಜಿಗೆ ಅನ್ನ, ಕೋಸಂಬರಿ, ಹೆಸರುಬೇಳೆ ಪಾಯಸ ಎಲ್ಲಾ ಸರಿ, ಆದರೆ ದಿನಾ ಅದೇ ಅಂದರೆ ಮಕ್ಕಳು ತಟ್ಟೆ ಮುಂದೆ ಸುಮ್ನೆ ಕೂತಿರುತ್ತಾರೆ. ಮಗಳು ಹಾಸ್ಟೆಲ್‌ನಿಂದ ರಜೆಗೆ ಬಂದಾಗ ಪಾಸ್ತಾ ಸಲಾಡ್ ಕೇಳಿದಳು. ಅಲ್ಲಿಂದ ಈ ಕೆಲಸ ಶುರುವಾಯಿತು.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪಾಸ್ತಾ ತಣ್ಣಗಾಗುತ್ತಾ ಹುಳಿ, ಉಪ್ಪು, ಎಣ್ಣೆ ಮೂರನ್ನೂ ಕುಡಿದುಬಿಡುತ್ತದೆ. ಅದಕ್ಕೇ ಡ್ರೆಸ್ಸಿಂಗ್, ಅಂದರೆ ಈ ಮೂರನ್ನೂ ಬೆರೆಸಿದ ರಸ, ಎರಡು ಸಲ ಹಾಕಬೇಕು. ಬೆಚ್ಚಗಿರುವಾಗ ಒಂದು ಪಾಲು, ತಿನ್ನುವ ಮುಂಚೆ ಇನ್ನೊಂದು ಪಾಲು. ಇದೊಂದು ಸರಿಹೋದರೆ ಉಳಿದದ್ದನ್ನೆಲ್ಲಾ ನಿಮ್ಮ ಮನೆಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಬಹುದು.

ಸಾಮಾನು ಮತ್ತು ಖರ್ಚು

ಕೊನೆಗೆ ನಿಂತ ಅಳತೆ ಇದು, ರೇಟು ನಾನು ತಂದಾಗಿನದು. ನಾಲ್ಕು ಜನರಿಗೆ.

ಪಾಸ್ತಾ 250 ಗ್ರಾಂ. 500 ಗ್ರಾಂ ಪ್ಯಾಕೆಟ್ 90 ರೂಪಾಯಿ, ಅರ್ಧಕ್ಕೆ 45.
ಕಾಬೂಲಿ ಕಡಲೆ 100 ಗ್ರಾಂ, 15 ರೂಪಾಯಿ.
ಕಡಲೆಕಾಯಿ ಬೀಜ 60 ಗ್ರಾಂ, 10 ರೂಪಾಯಿ.
ಗಾಣದ ಕಡಲೆಕಾಯಿ ಎಣ್ಣೆ 60 ಎಂಎಲ್, 17 ರೂಪಾಯಿ.
ಟೊಮೆಟೊ ಅರ್ಧ ಕೆಜಿ, ನಾಟಿ ಅರ್ಧ, ಹೈಬ್ರಿಡ್ ಅರ್ಧ. 12 ರೂಪಾಯಿ.
ಸೌತೆಕಾಯಿ ಎರಡು, 15 ರೂಪಾಯಿ.
ತೋತಾಪುರಿ ಮಾವಿನಕಾಯಿ ಒಂದು, 10 ರೂಪಾಯಿ.
ನಿಂಬೆಹಣ್ಣು ಎರಡು, 20 ರೂಪಾಯಿ. ಬೇಸಿಗೆಯಲ್ಲಿ ನಿಂಬೆಹಣ್ಣಿನ ರೇಟು ಗೊತ್ತೇ ಇದೆಯಲ್ಲ.
ಈರುಳ್ಳಿ, ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ ಎಲ್ಲಾ ಸೇರಿ 10 ರೂಪಾಯಿ.

ಒಟ್ಟು 154 ರೂಪಾಯಿ. ಸಾಸಿವೆ, ಕಾಳುಮೆಣಸು, ಬೆಲ್ಲ, ಉಪ್ಪು ಮನೆಯಲ್ಲೇ ಇತ್ತು, ಲೆಕ್ಕಕ್ಕೆ ತಗೊಂಡಿಲ್ಲ. ಹಿಂದೆ ಯಾವಾಗಲೋ ಪಿಜ್ಜಾ ಜೊತೆ ಬಂದಿದ್ದ ಒರೆಗಾನೊ ಪೊಟ್ಟಣಗಳು ಡ್ರಾಯರ್‌ನಲ್ಲಿ ಬಿದ್ದಿದ್ದವು. ಅವೂ ಕೆಲಸಕ್ಕೆ ಬಂದವು.

ಪಾತ್ರೆಗಳು: ಐದು ಲೀಟರ್ ಹಿಡಿಯುವ ಪಾತ್ರೆ, ಬಸಿಯೋದಕ್ಕೆ ಸ್ಟೀಲ್ ಜಾಲರಿ ಬುಟ್ಟಿ, ಅಗಲವಾದ ಹರಿವಾಣ, ಚಿಕ್ಕ ಕುಕ್ಕರ್, ಬಿಗಿಯಾದ ಮುಚ್ಚಳದ ಗಾಜಿನ ಬಾಟಲಿ, ಗ್ರಾಂ ತೋರಿಸುವ ತಕ್ಕಡಿ. ತಕ್ಕಡಿ ಇಲ್ಲದಿದ್ದರೂ ನಡೆಯುತ್ತದೆ. ಹರಿವಾಣ ಮಾತ್ರ ಬೇಕೇ ಬೇಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಂತ 1: ಯಾವ ಪಾಸ್ತಾ

ಮೊದಲು ತಂದಿದ್ದು ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಮ್ಯಾಕರೋನಿ. ಅಗ್ಗ. ಬಿಸಿಬಿಸಿ ಮಸಾಲೆ ಹಾಕಿ ಮಾಡಿದರೆ ಏನೂ ತೊಂದರೆ ಇಲ್ಲ. ಸಲಾಡಿಗೆ ಮಾತ್ರ ಆಗಲಿಲ್ಲ. ಕುದಿಯುವಾಗಲೇ ನೀರು ಗಂಜಿ ಥರ ಬೆಳ್ಳಗಾಯಿತು. ತಣ್ಣಗಾದ ಮೇಲೆ ಚಮಚ ಹಾಕಿ ತಿರುಗಿಸಿದರೆ ಕೊಳವೆಗಳು ಸೀಳಿಕೊಂಡವು. ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕರ್ಧ ಮುದ್ದೆ.

ಆಮೇಲೆ ಪ್ಯಾಕೆಟ್ ಹಿಂದುಗಡೆ ಓದಿ ಡ್ಯೂರಮ್ ಗೋಧಿ ರವೆಯದ್ದು ಅಂತ ಬರೆದಿರುವುದನ್ನೇ ತಂದೆ. ಇದು ಗಟ್ಟಿ ಗೋಧಿ. ಬೆಂದ ಮೇಲೂ ಆಕಾರ ಬಿಡುವುದಿಲ್ಲ. ಹಸಿಯಾಗಿರುವಾಗಲೇ ಬಣ್ಣ ನೋಡಿದರೆ ಗೊತ್ತಾಗುತ್ತದೆ, ತಿಳಿ ಹಳದಿ ಇರುತ್ತದೆ. ಬಿಡಿ ಮ್ಯಾಕರೋನಿ ಬೆಳ್ಳಗಿತ್ತು.

ಆಕಾರದಲ್ಲಿ ಫುಸಿಲ್ಲಿ ಅನ್ನುವ ಸುರುಳಿಯೇ ಒಳ್ಳೆಯದು. ಪೆನ್ನೆ ಕೊಳವೆಯಲ್ಲೂ ಮಾಡಿ ನೋಡಿದೆ. ಬಸಿದ ನೀರು ಕೊಳವೆ ಒಳಗೆ ಉಳಿದುಕೊಂಡು ಡ್ರೆಸ್ಸಿಂಗ್ ತೆಳುವಾಯಿತು. ಸುರುಳಿಯಲ್ಲಿ ನೀರು ನಿಲ್ಲುವುದಿಲ್ಲ. ಕೊತ್ತಂಬರಿ, ಮೆಣಸಿನ ತರಿ ಎಲ್ಲಾ ಅದರ ಸಂದಿಗೆ ಹೋಗಿ ಕೂರುತ್ತದೆ.

ಹಂತ 2: ಕಡಲೆ

ಹಿಂದಿನ ರಾತ್ರಿ ಒಂಬತ್ತಕ್ಕೆ ನೆನೆಹಾಕಿದೆ. ಬೆಳಿಗ್ಗೆ ಕುಕ್ಕರ್‌ನಲ್ಲಿ ನಾಲ್ಕು ಕೂಗು, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. 100 ಗ್ರಾಂ ಕಡಲೆ ಬೆಂದು ಬಸಿದಾಗ 220 ಗ್ರಾಂ ಆಯಿತು.

ಇಲ್ಲಿ ಒಂದು ವಿಷಯ. ನಮ್ಮ ಬೋರ್‌ವೆಲ್ ನೀರು ಗಡಸು. ಪಾತ್ರೆ ಅಂಚಿಗೆಲ್ಲಾ ಬಿಳಿ ಪೊರೆ ಕಟ್ಟುತ್ತದೆ. ಆ ನೀರಿನಲ್ಲೇ ನೆನೆಸಿ ಬೇಯಿಸಿದ ಕಡಲೆ ಅಷ್ಟೇ ಕೂಗಿಗೆ ಒಳಗೆ ಬೆಂದಿತ್ತು, ಸಿಪ್ಪೆ ಮಾತ್ರ ತೊಗಲಿನ ಹಾಗೆ ಗಟ್ಟಿ. ಬಿಸಿ ಸಾರಿನಲ್ಲಾದರೆ ಗೊತ್ತಾಗುವುದಿಲ್ಲ, ತಣ್ಣಗಿರುವ ಸಲಾಡಿನಲ್ಲಿ ಬಾಯಿಗೆ ಸಿಗುತ್ತದೆ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರಲ್ಲಿ ನೆನೆಸಿ, ಅದೇ ಥರದ ನೀರಲ್ಲಿ ಬೇಯಿಸಿದಾಗ ಮೆತ್ತಗಾಯಿತು. ನೆನೆಸೋದಕ್ಕೆ ಅರ್ಧ ಲೀಟರ್, ಬೇಯಿಸೋದಕ್ಕೆ ಅರ್ಧ ಲೀಟರ್ ಸಾಕು. ಕ್ಯಾನ್ ನೀರು ಇದಕ್ಕೆ ಖರ್ಚಾದರೆ ಬೇಜಾರು ಮಾಡಿಕೊಳ್ಳಬೇಡಿ.

ರಾತ್ರಿ ನೆನೆಸೋದಕ್ಕೆ ಮರೆತಿದ್ದರೆ ಅಲಸಂದೆ ಕಾಳು ಹಾಕಿ. ಅದು ನೆನೆಯದೆಯೂ ಬೇಗ ಬೇಯುತ್ತದೆ. ರುಚಿಯೂ ಚೆನ್ನಾಗಿಯೇ ಇತ್ತು.

ಹಂತ 3: ಬೇಯಿಸಿದ್ದು

ಎರಡೂವರೆ ಲೀಟರ್ ನೀರು, 25 ಗ್ರಾಂ ಕಲ್ಲುಪ್ಪು. ಉಪ್ಪು ಜಾಸ್ತಿ ಅನ್ನಿಸುತ್ತದೆ, ಆದರೆ ಹೆಚ್ಚಿನ ಪಾಲು ನೀರಿನ ಜೊತೆ ಸಿಂಕಿಗೇ ಹೋಗುತ್ತದೆ. ಉಪ್ಪು ಕಮ್ಮಿ ಹಾಕಿ ಬೇಯಿಸಿದ ಪಾಸ್ತಾಗೆ ಆಮೇಲೆ ಮೇಲಿಂದ ಎಷ್ಟು ಉದುರಿಸಿದರೂ ಒಳಗೆ ಸಪ್ಪೆಯೇ.

ಪ್ಯಾಕೆಟ್ ಮೇಲೆ 10ರಿಂದ 12 ನಿಮಿಷ ಅಂತಿತ್ತು. ಆ ಲೆಕ್ಕ ಇಲ್ಲಿ ಹೊಂದಲಿಲ್ಲ. ಕೋಲಾರ ಸಮುದ್ರಮಟ್ಟಕ್ಕಿಂತ 800 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆ. ನೀರು 100 ಡಿಗ್ರಿಗೆ ಹೋಗುವುದಿಲ್ಲ, 97ರ ಆಸುಪಾಸಿಗೇ ಕುದಿಯುತ್ತದೆ. ಹಾಗಾಗಿ ಗಡಿಯಾರ ನಂಬುವುದಕ್ಕಿಂತ ಕೊಯ್ದು ನೋಡುವುದು ವಾಸಿ.

12 ನಿಮಿಷಕ್ಕೆ ಒಂದು ಸುರುಳಿ ತೆಗೆದು ಚಾಕುವಿನಿಂದ ಅಡ್ಡಕ್ಕೆ ಕೊಯ್ದೆ. ಅಂಚೆಲ್ಲಾ ಬೆಂದು ಪಾರದರ್ಶಕವಾಗಿತ್ತು. ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ. 13 ನಿಮಿಷಕ್ಕೆ ಇನ್ನೊಂದು ಕೊಯ್ದಾಗ ಚುಕ್ಕೆ ಇರಲಿಲ್ಲ. ಬಿಸಿಯಾಗಿ ತಿನ್ನುವುದಾದರೆ ಇಲ್ಲಿಗೇ ನಿಲ್ಲಿಸಬೇಕು. ಸಲಾಡಿಗೆ ಇನ್ನೂ ಒಂದು ನಿಮಿಷ ಬಿಟ್ಟೆ, ಒಟ್ಟು 14. ಫ್ರಿಜ್‌ನಲ್ಲಿ ಪಾಸ್ತಾ ಬಿಗಿದುಕೊಳ್ಳುತ್ತದೆ. 12 ನಿಮಿಷಕ್ಕೆ ಇಳಿಸಿದ್ದು ಮಧ್ಯಾಹ್ನ ಅಗಿಯುವಾಗ ರಬ್ಬರ್ ಆಗಿತ್ತು. 14 ನಿಮಿಷದ್ದು ಹದವಾಗಿತ್ತು. 16ಕ್ಕೆ ಹೋದರೆ ಕಲೆಸುವಾಗ ಮುರಿಯುತ್ತದೆ.

250 ಗ್ರಾಂ ಪಾಸ್ತಾ ಬಸಿದ ಮೇಲೆ 560 ಗ್ರಾಂ ತೂಗಿತು. ಬಸಿಯುವ ಮುಂಚೆ ಅರ್ಧ ಲೋಟ ಬೆಂದ ನೀರು ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 4: ತಣಿಸಿದ್ದು

ಎಲ್ಲರೂ ತಣ್ಣೀರಿನಲ್ಲಿ ತೊಳೆಯಿರಿ ಅಂತಾರೆ. ಏಪ್ರಿಲ್‌ನಲ್ಲಿ ನಮ್ಮ ನಲ್ಲಿಯಲ್ಲಿ ತಣ್ಣೀರು ಎಲ್ಲಿ ಬರುತ್ತದೆ? ತಾರಸಿ ಮೇಲೆ ಕಪ್ಪು ಟ್ಯಾಂಕ್. ಬೆಳಿಗ್ಗೆ ಏಳಕ್ಕೂ ನೀರು ಉಗುರುಬೆಚ್ಚಗೆ. ಅದರಲ್ಲಿ ತೊಳೆದರೆ ಪಾಸ್ತಾ ತಣಿಯುವುದೂ ಇಲ್ಲ, ನೀರು ಮಾತ್ರ ಹಿಡಿಯುತ್ತದೆ.

ಕ್ಯಾನ್ ನೀರನ್ನು ಫ್ರಿಜ್‌ನಲ್ಲಿಟ್ಟು ಅದರಲ್ಲಿ ಅರ್ಧ ಪಾಸ್ತಾ ತೊಳೆದೆ. ಉಳಿದರ್ಧವನ್ನು ತೊಳೆಯದೆ ಹರಿವಾಣಕ್ಕೆ ಹಾಕಿದೆ. ತೊಳೆದದ್ದು ಬಿಡಿಬಿಡಿಯಾಗಿ ನುಣ್ಣಗಿತ್ತು. ಆದರೆ ಡ್ರೆಸ್ಸಿಂಗ್ ಅದರ ಮೇಲೆ ನಿಲ್ಲಲಿಲ್ಲ, ಜಾರಿ ತಳಕ್ಕೆ ಇಳಿಯಿತು. ತೊಳೆಯದ ಅರ್ಧ ರುಚಿ ಹಿಡಿಯಿತು, ಆದರೆ ಎಣ್ಣೆ ಹಾಕುವಷ್ಟರಲ್ಲಿ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸೋದಕ್ಕೆ ಹೋದರೆ ಚೂರಾದವು.

ಪರಿಹಾರ ನಮ್ಮ ಪುಳಿಯೋಗರೆಯಲ್ಲೇ ಇತ್ತು. ಅನ್ನ ಬಸಿದ ತಕ್ಷಣ ಹರಿವಾಣದಲ್ಲಿ ಹರವಿ, ಮೇಲೆ ಒಂದು ಚಮಚ ಎಣ್ಣೆ ಹಾಕಿ, ಕೈಯಾಡಿಸಿ ಫ್ಯಾನ್ ಕೆಳಗೆ ಇಡುತ್ತೇವಲ್ಲ, ಹಾಗೇ ಇದಕ್ಕೂ ಮಾಡಿದೆ. ಬಸಿದು ಒಂದು ನಿಮಿಷದೊಳಗೆ ಒಂದು ಟೇಬಲ್ ಚಮಚ ಎಣ್ಣೆ. ಒಂದೇ ಪದರವಾಗಿ ಹರವಬೇಕು, ಗುಡ್ಡೆ ಹಾಕಬಾರದು. ಐದು ನಿಮಿಷಕ್ಕೆ ಆವಿ ಹೋಗಿ ಬೆಚ್ಚಗಾಗುತ್ತದೆ. ಆಗ ಡ್ರೆಸ್ಸಿಂಗ್‌ನ ಮೊದಲ ಪಾಲು. ಪೂರ್ತಿ ತಣ್ಣಗಾಗೋದಕ್ಕೆ ಇನ್ನು ಹದಿನೈದು ನಿಮಿಷ.

ಆ ಹೊತ್ತಿಗೇ ಕರೆಂಟ್ ಹೋದರೆ ಹರಿವಾಣವನ್ನು ತಣ್ಣೀರು ತುಂಬಿದ ಇನ್ನೊಂದು ಅಗಲವಾದ ತಟ್ಟೆ ಮೇಲೆ ಇಡಿ. ಅದೂ ಕೆಲಸ ಮಾಡುತ್ತದೆ, ಸ್ವಲ್ಪ ನಿಧಾನ.

ಹಂತ 5: ಎಣ್ಣೆ ಮತ್ತು ಡ್ರೆಸ್ಸಿಂಗ್

ಫ್ರಿಜ್‌ನಲ್ಲಿ ಇಡುವ ತಿಂಡಿಗೆ ಯಾವ ಎಣ್ಣೆ ಹೊಂದುತ್ತದೆ ಅಂತ ಮೊದಲು ನೋಡಿಕೊಂಡೆ. ಮೂರು ಬಟ್ಟಲಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಗಾಣದ ಕಡಲೆಕಾಯಿ ಎಣ್ಣೆ ಒಂದೊಂದು ಚಮಚ ಹಾಕಿ ರಾತ್ರಿ ಇಟ್ಟೆ. ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಟ್ಟಲು ತಲೆಕೆಳಗು ಮಾಡಿದರೂ ಬೀಳದಷ್ಟು ಗಟ್ಟಿ. ಅದು ಸಲಾಡಿನಲ್ಲಿ ಬಿಳಿ ಚೂರುಗಳಾಗಿ ಬಾಯಿಗೆ ಸಿಗುತ್ತದೆ. ಸೂರ್ಯಕಾಂತಿ ಎಣ್ಣೆ ನೀರಿನ ಹಾಗೆ ತೆಳ್ಳಗೇ ಇತ್ತು, ಆದರೆ ಅದಕ್ಕೆ ರುಚಿ ಅನ್ನುವುದೇ ಇಲ್ಲ. ಕಡಲೆಕಾಯಿ ಎಣ್ಣೆ ಸ್ವಲ್ಪ ಮಬ್ಬಾಗಿ, ಮಂದವಾಗಿತ್ತು. ಆದರೂ ಸುರಿಯುತ್ತಿತ್ತು. ಹತ್ತು ನಿಮಿಷ ಹೊರಗಿಟ್ಟರೆ ಮೊದಲಿನ ಹಾಗೆ ಆಗುತ್ತದೆ. ಘಮ ಬೇರೆ ಇದೆ. ಹುರಿದ ಬೀಜ ಸಲಾಡಿನಲ್ಲಿ ಹೇಗೂ ಇರುವುದರಿಂದ ಎಣ್ಣೆಯೂ ಅದರದ್ದೇ ಆದಾಗ ಎಲ್ಲಾ ಒಂದಕ್ಕೊಂದು ಹೊಂದಿಕೊಂಡವು. ಈ ಸಲಾಡಿಗೆ ಆಲಿವ್ ಎಣ್ಣೆಗಿಂತ ಇದೇ ಮೇಲು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಎಣ್ಣೆ ಮತ್ತು ನಿಂಬೆರಸ ಬೆರೆತು ನಿಲ್ಲಬೇಕಾದರೆ ನಡುವೆ ಏನಾದರೂ ಬೇಕು. ಅರ್ಧ ಚಮಚ ಸಾಸಿವೆ ಸಾಕು. ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ಎರಡು ಚಮಚ ತಣ್ಣೀರಿನಲ್ಲಿ ಕಲೆಸಿ ಹತ್ತು ನಿಮಿಷ ಬಿಡಬೇಕು. ಆಗಲೇ ಅದಕ್ಕೆ ಘಾಟು ಬರುವುದು. ನಿಂಬೆರಸ ಆಮೇಲೆ. ಮೊದಲೇ ನಿಂಬೆ ಹಿಂಡಿದರೆ ಘಾಟು ಏಳುವುದೇ ಇಲ್ಲ, ಕಹಿ ಮಾತ್ರ ಉಳಿಯುತ್ತದೆ. ಬಿಸಿನೀರೂ ಬೇಡ.

ಬಾಟಲಿಗೆ ಹಾಕಿದ್ದು: ಎಣ್ಣೆ 45 ಎಂಎಲ್ (ಉಳಿದ 15 ಎಂಎಲ್ ಹರಿವಾಣಕ್ಕೆ ಹೋಗಿದೆ), ಎರಡು ನಿಂಬೆಹಣ್ಣಿನ ರಸ ಸುಮಾರು 35 ಎಂಎಲ್, ಸಾಸಿವೆ ಕಲೆಸಿದ್ದು, ಪುಡಿಬೆಲ್ಲ ಒಂದು ಚಮಚ, ತರಿತರಿ ಕುಟ್ಟಿದ ಕಾಳುಮೆಣಸು ಒಂದು ಚಮಚ, ಉಪ್ಪು ಮುಕ್ಕಾಲು ಚಮಚ, ಒರೆಗಾನೊ ಎರಡು ಪೊಟ್ಟಣ, ಮತ್ತು ಮುಂದಿನ ಹಂತದಲ್ಲಿ ಬರುವ ಟೊಮೆಟೊ ರಸ. ಮುಚ್ಚಳ ಬಿಗಿ ಮಾಡಿ ಜೋರಾಗಿ ಅಲ್ಲಾಡಿಸಿದರೆ ಅರ್ಧ ನಿಮಿಷದಲ್ಲಿ ಮಂದವಾದ ಹಳದಿ ರಸ ಸಿದ್ಧ.

ಹಂತ 6: ಟೊಮೆಟೊ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಕೋಲಾರದವರು ಟೊಮೆಟೊ ವಿಷಯದಲ್ಲಿ ಅವಸರ ಮಾಡಬಾರದು.

ನಮ್ಮ ಎಪಿಎಂಸಿಯಲ್ಲಿ ಟೊಮೆಟೊ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಹರಾಜಾಗುತ್ತದೆ. ಲಾರಿ ಹತ್ತಿ ದೂರ ಹೋಗುವುದೆಲ್ಲಾ ಹೆಚ್ಚಾಗಿ ಹೈಬ್ರಿಡ್. ಸಿಪ್ಪೆ ದಪ್ಪ, ತಿರುಳು ಗಟ್ಟಿ, ಉದ್ದುದ್ದಕ್ಕೆ ಇರುತ್ತದೆ. ನಾಟಿ ಟೊಮೆಟೊ ಗುಂಡಗೆ, ಸಿಪ್ಪೆ ತೆಳು, ರಸ ಜಾಸ್ತಿ, ಹುಳಿ ಜಾಸ್ತಿ. ಸಾರಿಗೆ, ಗೊಜ್ಜಿಗೆ ನಾಟಿ ಅಂತ ಎಲ್ಲರಿಗೂ ಗೊತ್ತು. ಸಲಾಡಿಗೆ ಯಾವುದು?

ಬರೀ ನಾಟಿ ಹೆಚ್ಚಿ ಹಾಕಿದಾಗ ಎರಡು ಗಂಟೆಯಲ್ಲಿ ಸಲಾಡ್ ನೀರಾಯಿತು. ಹೋಳುಗಳು ಕರಗಿ ಸಿಪ್ಪೆ ಸುರುಳಿ ಸುತ್ತಿಕೊಂಡು ತೇಲುತ್ತಿತ್ತು. ಬರೀ ಹೈಬ್ರಿಡ್ ಹಾಕಿದಾಗ ನೋಡೋದಕ್ಕೆ ಚೆಂದ, ಹೋಳು ಹಾಗೇ ನಿಂತಿತ್ತು, ಆದರೆ ಹುಳಿಯೂ ಇಲ್ಲ ಸಿಹಿಯೂ ಇಲ್ಲ.

ಎರಡಕ್ಕೂ ಬೇರೆ ಬೇರೆ ಕೆಲಸ ಕೊಟ್ಟಾಗ ಸರಿಹೋಯಿತು. 250 ಗ್ರಾಂ ಹೈಬ್ರಿಡ್ ತಗೊಂಡು ನಾಲ್ಕು ಭಾಗ ಮಾಡಿ, ಬೀಜದ ಲೋಳೆಯನ್ನು ಚಮಚದಲ್ಲಿ ತೆಗೆದು, ಬರೀ ತಿರುಳನ್ನು ಕಡಲೆ ಗಾತ್ರಕ್ಕೆ ಹೆಚ್ಚಿದೆ. ಕಡಲೆಯೂ ಅಷ್ಟೇ ದೊಡ್ಡದಿರುವುದರಿಂದ ಒಂದೊಂದು ಚಮಚಕ್ಕೂ ಎರಡೂ ಸಿಗುತ್ತವೆ. ಲೋಳೆ ಬಿಸಾಡಲಿಲ್ಲ. 250 ಗ್ರಾಂ ನಾಟಿಯನ್ನು ಅಡ್ಡಕ್ಕೆ ಕೊಯ್ದು, ಕೊಯ್ದ ಮುಖವನ್ನು ತುರಿಮಣೆಗೆ ಉಜ್ಜಿದೆ. ತಿರುಳೆಲ್ಲಾ ಕೆಳಗೆ ಬೀಳುತ್ತದೆ, ಸಿಪ್ಪೆ ಅಂಗೈಯಲ್ಲೇ ಉಳಿಯುತ್ತದೆ. ಈ ತುರಿದ ತಿರುಳು, ಹೈಬ್ರಿಡ್‌ನ ಲೋಳೆ ಎರಡನ್ನೂ ಸೇರಿಸಿ ಕಾಲು ಚಮಚ ಉಪ್ಪು ಹಾಕಿ, ಸೋಸುವ ಜಾಲರಿಯಲ್ಲಿ ಇಪ್ಪತ್ತು ನಿಮಿಷ ಬಿಟ್ಟೆ. ತಿಳಿ ಗುಲಾಬಿ ಬಣ್ಣದ ರಸ ಬಟ್ಟಲಿಗೆ ಇಳಿಯಿತು. ಅದರಲ್ಲಿ 60 ಎಂಎಲ್ ಡ್ರೆಸ್ಸಿಂಗ್ ಬಾಟಲಿಗೆ. ಮೇಲೆ ಉಳಿದ ಗಟ್ಟಿ ತಿರುಳು ಮಾರನೇ ದಿನದ ಸಾರಿಗೆ ಹೋಯಿತು.

ಹೈಬ್ರಿಡ್ ಹೋಳಿಗೂ ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಇಟ್ಟು ನೀರು ಬಸಿಯಿರಿ. ಇದನ್ನು ಬಿಟ್ಟರೆ ಆ ನೀರೆಲ್ಲಾ ಸಲಾಡಿನೊಳಗೇ ಬಿಡುತ್ತದೆ.

ನಾನು ತಂದ ವಾರ ಟೊಮೆಟೊ ಅಗ್ಗವಿತ್ತು. 2023ರ ಜುಲೈನಲ್ಲಿ ಇದೇ ಎಪಿಎಂಸಿಯಲ್ಲಿ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಅಂಥ ಹೊತ್ತಿನಲ್ಲಿ ತುರಿಯುವ ನಾಟಿ ಬಿಟ್ಟು ನಿಂಬೆರಸ ಜಾಸ್ತಿ ಮಾಡಿ, ಸಾಕು. ಹಾಗೆಯೇ ರೇಟು ತೀರಾ ಬಿದ್ದು ರೈತರು ರಸ್ತೆ ಬದಿ ಸುರಿದು ಹೋಗುವ ದಿನಗಳೂ ಇಲ್ಲಿ ಬರುತ್ತವೆ. ಅಂಥ ವಾರದಲ್ಲಿ ಒಂದು ಕೆಜಿ ಜಾಸ್ತಿ ಕೊಳ್ಳಿ, ಚೌಕಾಸಿ ಮಾಡಬೇಡಿ.

ಹಂತ 7: ಉಳಿದ ತರಕಾರಿ

ಸೌತೆಕಾಯಿಯ ತುದಿ ಕೊಯ್ದು ಕಹಿ ಇದೆಯಾ ನೋಡಿ. ಉದ್ದಕ್ಕೆ ಸೀಳಿ ಬೀಜದ ಭಾಗ ತೆಗೆದು ಹೆಚ್ಚಿ. ಇದಕ್ಕೆ ಮೊದಲೇ ಉಪ್ಪು ಬೇಡ, ಕೊನೆಗೆ ಹಾಕಿದರೆ ಗರಿಗರಿ ಉಳಿಯುತ್ತದೆ.

ಈರುಳ್ಳಿ ಒಂದು ಚಿಕ್ಕದು. ಸಣ್ಣಗೆ ಹೆಚ್ಚಿ ಹತ್ತು ನಿಮಿಷ ತಣ್ಣೀರಲ್ಲಿ ನೆನೆಸಿ ಹಿಂಡಿ. ಹಾಗೇ ಹಾಕಿದ್ದು ಮಧ್ಯಾಹ್ನದ ಹೊತ್ತಿಗೆ ಇಡೀ ಡಬ್ಬಿಗೆ ವಾಸನೆ ಹಿಡಿಸಿತು.

ಮಾವಿನಕಾಯಿ ತೋತಾಪುರಿಯೇ ಆಗಲಿ. ಶ್ರೀನಿವಾಸಪುರದ ತೋಟಗಳ ಕಾಯಿ ಈ ಹೊತ್ತಿಗೆ ಮಾರ್ಕೆಟ್‌ಗೆ ಬಂದಿರುತ್ತದೆ. ಬೇರೆ ಕಾಯಿಗಳಷ್ಟು ಹುಳಿ ಇರುವುದಿಲ್ಲ, ಕಚ್ಚಿದರೆ ಕಟುಂ ಅನ್ನುತ್ತದೆ. 60 ಗ್ರಾಂನಷ್ಟು ಸಣ್ಣ ಹೋಳು ಮಾಡಿ. ತುರಿದು ಹಾಕಿದರೆ ಚಿತ್ರಾನ್ನದ ರುಚಿ ಬಂದುಬಿಡುತ್ತದೆ.

ಕಡಲೆಕಾಯಿ ಬೀಜವನ್ನು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಎರಡು ಹೋಳು ಮಾಡಿ ಬೇರೆ ಡಬ್ಬಿಯಲ್ಲಿ ಇಡಿ. ಬೆಳಿಗ್ಗೆಯೇ ಕಲೆಸಿದರೆ ಮೆತ್ತಗಾಗುತ್ತದೆ.

ಹಂತ 8: ಕಲೆಸಿದ್ದು

ಡ್ರೆಸ್ಸಿಂಗ್ ಪೂರ್ತಿ ಬೆಳಿಗ್ಗೆಯೇ ಹಾಕಿದಾಗ ಏಳೂವರೆಗೆ ರುಚಿ ನೋಡಿದರೆ ತುಂಬಾ ಚೆನ್ನಾಗಿತ್ತು. ಒಂದು ಗಂಟೆಗೆ ಮುಚ್ಚಳ ತೆಗೆದಾಗ ತಳದಲ್ಲಿ ಒಂದು ಹನಿ ರಸ ಇಲ್ಲ. ಸುರುಳಿಗಳ ಹೊಳಪೆಲ್ಲಾ ಹೋಗಿ ಒಣಗಿದ ಹಾಗಿದ್ದವು. ಉಪ್ಪು ಇದ್ದೂ ಇಲ್ಲದ ಹಾಗೆ. ಆಗ ಅತ್ತೆ ಒಂದು ತುತ್ತು ಬಾಯಿಗೆ ಹಾಕಿಕೊಂಡು ಹೇಳಿದರು.

"ಹುಳಿ ಸಾಲ್ದು ಕಣಮ್ಮಾ. ತಣ್ಣಗಿರೋದಕ್ಕೆ ಉಪ್ಪು, ಹುಳಿ ಒಂದು ಕೈ ಮುಂದೇನೇ ಇರ್ಬೇಕು."

"ಈಗ ಒಂದು ಹೋಳು ಹಿಂಡಲಾ ಅತ್ತೆ?"

"ಹಿಂಡು. ನಾಳೆಯಿಂದ ಮೊದ್ಲೇ ಎಲ್ಲಾ ಸುರೀಬೇಡ. ಕೋಸಂಬರಿಗೆ ಉಪ್ಪು ಯಾವಾಗ ಹಾಕ್ತೀವಿ? ಎಲೆಗೆ ಬಡಿಸೋ ಮುಂಚೆ ತಾನೇ?"

ಅವರ ಮಾತು ಕೇಳಿ ಮುಂದಿನ ಸಲ ಡ್ರೆಸ್ಸಿಂಗ್ ಪೂರ್ತಿ ಕೊನೆಗೇ ಹಾಕಿದೆ. ಆಗ ಮೇಲೆ ಹುಳಿ, ಕಚ್ಚಿದರೆ ಒಳಗೆ ಸಪ್ಪೆ. ಕೋಸಂಬರಿಯಲ್ಲಿ ಹೆಸರುಬೇಳೆ ಚಿಕ್ಕದು, ಹಾಗಾಗಿ ನಡೆಯುತ್ತದೆ. ಪಾಸ್ತಾ ದಪ್ಪ, ಅದಕ್ಕೆ ಹೊತ್ತು ಬೇಕು. ಅಲ್ಲಿಗೆ ಎರಡು ಪಾಲು ಮಾಡುವುದು ಅಂತ ತೀರ್ಮಾನವಾಯಿತು. ಪಾಸ್ತಾ ಕೈಗೆ ಬೆಚ್ಚಗೆ ಅನ್ನಿಸುವಾಗ ಬಾಟಲಿಯ ಮೂರರಲ್ಲಿ ಎರಡು ಭಾಗ, ಜೊತೆಗೆ ಕಡಲೆ. ತಣ್ಣಗಾದ ಮೇಲೆ ಪಾಸ್ತಾ ಫ್ರಿಜ್‌ಗೆ, ಉಳಿದ ಒಂದು ಭಾಗ ರಸವೂ ಬಾಟಲಿಯಲ್ಲೇ ಫ್ರಿಜ್‌ಗೆ.

ಬಡಿಸುವ ಹದಿನೈದು ನಿಮಿಷ ಮುಂಚೆ ಎರಡನ್ನೂ ಹೊರಗೆ ತೆಗೆಯಿರಿ. ಬಾಟಲಿ ಅಲ್ಲಾಡಿಸಿ ಸುರಿದು, ಟೊಮೆಟೊ, ಸೌತೆಕಾಯಿ, ಈರುಳ್ಳಿ, ಮಾವಿನಕಾಯಿ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ, ಪುದೀನ ಹಾಕಿ ಕೈಯಿಂದಲೇ ಕಲೆಸಿ. ಚಮಚಕ್ಕಿಂತ ಕೈ ಒಳ್ಳೆಯದು, ಮುರಿಯುವುದಿಲ್ಲ. ಇನ್ನೂ ಒಣ ಅನ್ನಿಸಿದರೆ ತೆಗೆದಿಟ್ಟ ಬೆಂದ ನೀರು ಎರಡು ಚಮಚ. ಅದನ್ನೂ ಫ್ರಿಜ್‌ನಲ್ಲೇ ಇಟ್ಟಿರಬೇಕು. ಕೊನೆಗೆ ಬೀಜ.

ಮೊಸರಿನಲ್ಲೂ ಮಾಡಿ ನೋಡಿದೆ. ಗಟ್ಟಿ ಮೊಸರು ಅರ್ಧ ಬಟ್ಟಲು ಹಾಕಿ ಬೆಳಿಗ್ಗೆಯೇ ಕಲೆಸಿದ್ದು ಮಧ್ಯಾಹ್ನಕ್ಕೆ ನೀರೊಡೆದು ಹುಳಿ ವಿಪರೀತವಾಯಿತು. ಮೊಸರು ಇಷ್ಟಪಡುವವರು ತಟ್ಟೆಗೆ ಬಂದ ಮೇಲೆ ಹಾಕಿಕೊಳ್ಳಲಿ. ಅತ್ತೆಗೆ ಇಂಗು, ಕರಿಬೇವಿನ ಒಗ್ಗರಣೆ ಬೇಕೆನ್ನಿಸಿತು. ಅವರ ತಟ್ಟೆಗೆ ಬೇರೆ ಮಾಡಿ ಹಾಕಿದೆ. ಅದು ಚೆನ್ನಾಗಿಯೇ ಇರುತ್ತದೆ, ಆದರೆ ಇಂಗು ಸೇರಿದ ಮೇಲೆ ಪುದೀನ, ಒರೆಗಾನೊ ಎರಡೂ ಕಾಣೆಯಾಗುತ್ತವೆ. ನಾನಾದರೆ ಒಂದೋ ಇಂಗಿನ ಒಗ್ಗರಣೆ, ಇಲ್ಲಾ ಪುದೀನ, ಒರೆಗಾನೊ ಹಾಕುತ್ತೇನೆ.

ಹಂತ 9: ಡಬ್ಬಿ ಕಟ್ಟಿದ್ದು

ನಮ್ಮನೆಯವರು ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುತ್ತಾರೆ. ಎಂಟೂವರೆಗೆ ಮನೆ ಬಿಟ್ಟರೆ ಊಟ ಒಂದು ಗಂಟೆಗೆ. ಬೇಯಿಸಿದ ಪಾಸ್ತಾ, ಕಡಲೆ ಅಷ್ಟು ಹೊತ್ತು ಬಿಸಿಲಿನ ಬ್ಯಾಗಿನಲ್ಲಿ ಇರಬಾರದು. 32 ಡಿಗ್ರಿ ಮೇಲಿನ ಸೆಕೆಯಲ್ಲಿ ಇಂಥ ತಿಂಡಿ ಒಂದು ಗಂಟೆಗಿಂತ ಜಾಸ್ತಿ ಹೊರಗಿರುವುದು ಒಳ್ಳೆಯದಲ್ಲ. ಅನ್ನಕ್ಕೂ ಇದೇ ಮಾತು.

ಮಾಡಿದ್ದು ಹೀಗೆ. ಅರ್ಧ ಲೀಟರ್ ನೀರಿನ ಬಾಟಲಿಯನ್ನು ರಾತ್ರಿ ಫ್ರೀಜರ್‌ನಲ್ಲಿ ಇಟ್ಟು, ಬೆಳಿಗ್ಗೆ ಹಳೇ ಟವೆಲ್‌ನಲ್ಲಿ ಡಬ್ಬಿ ಮತ್ತು ಬಾಟಲಿ ಎರಡನ್ನೂ ಒಟ್ಟಿಗೆ ಬಿಗಿಯಾಗಿ ಸುತ್ತಿದೆ. ಡಬ್ಬಿ ಸ್ಟೀಲಿನದ್ದು, ಕಟ್ಟುವ ಮುಂಚೆ ಫ್ರಿಜ್‌ನಲ್ಲಿ ಒಂದು ಗಂಟೆ ಕೂತಿತ್ತು. ಮಧ್ಯಾಹ್ನ ಫೋನ್ ಮಾಡಿ ಕೇಳಿದೆ. ಡಬ್ಬಿ ಇನ್ನೂ ತಣ್ಣಗಿದೆ, ಬಾಟಲಿಯಲ್ಲಿ ಐಸ್ ಗಡ್ಡೆ ಉಳಿದಿದೆ ಅಂದರು. ಐಸ್ ಬಾಟಲಿ ಇಲ್ಲದಿದ್ದ ದಿನ ಈ ಸಲಾಡ್ ಕಳಿಸುವುದಿಲ್ಲ, ಚಿತ್ರಾನ್ನವೂ ಬೇಡ, ಚಪಾತಿ ಪಲ್ಯ ಕಳಿಸುತ್ತೇನೆ. ಡಬ್ಬಿಗೆ ಹಾಕುವಾಗ ಈರುಳ್ಳಿ ಬಿಡಿ. ಡ್ರೆಸ್ಸಿಂಗ್‌ನ ಎರಡನೇ ಪಾಲನ್ನು ಚಿಕ್ಕ ಬಾಟಲಿಯಲ್ಲಿ, ಬೀಜವನ್ನು ಪೊಟ್ಟಣದಲ್ಲಿ ಬೇರೆ ಕೊಡಿ.

ಮನೆಯಲ್ಲಿ ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮಾರನೇ ದಿನ ಮುಗಿಸಿಬಿಡಿ. ತರಕಾರಿ ಸೇರಿಸದ ಪಾಸ್ತಾ ಮತ್ತು ಕಡಲೆ ಇನ್ನೂ ಒಂದು ದಿನ ನಿಲ್ಲುತ್ತದೆ. ಫ್ರೀಜರ್ ಬೇಡ. ಸೌತೆಕಾಯಿ, ಟೊಮೆಟೊ ಕರಗಿದಾಗ ನೀರಾಗುತ್ತವೆ.

ಇನ್ನೂ ಕೂರದಿರುವುದು: ರಾಗಿ ಪಾಸ್ತಾ

ರಾಗಿ ಬೆಳೆಯುವ ಊರಿನಲ್ಲಿದ್ದು ರಾಗಿ ಪಾಸ್ತಾದಲ್ಲಿ ಇದನ್ನು ಮಾಡದೆ ಬಿಡುವುದಕ್ಕೆ ಮನಸ್ಸಿಲ್ಲ. ಅಂಗಡಿಯಲ್ಲಿ ಸಿಕ್ಕ ಪ್ಯಾಕೆಟ್ ತಂದು ಇದೇ ಅಳತೆಯಲ್ಲಿ ಮಾಡಿದೆ. ರುಚಿ ತುಂಬಾ ಹಿಡಿಸಿತು. ಹುರಿದ ಬೀಜ, ನಾಟಿ ಟೊಮೆಟೊ ಹುಳಿ ಇವಕ್ಕೆ ರಾಗಿ ಡ್ಯೂರಮ್ ಪಾಸ್ತಾಗಿಂತ ಚೆನ್ನಾಗಿ ಹೊಂದುತ್ತದೆ. ಆದರೆ ಫ್ರಿಜ್‌ನಿಂದ ತೆಗೆದಾಗ ಸುರುಳಿಗಳ ಮೇಲೆ ಸಣ್ಣ ಬಿರುಕು ಬಿಟ್ಟಿತ್ತು. ಕಲೆಸಿದರೆ ಪುಡಿ. 14 ನಿಮಿಷದ ಬದಲು 9ಕ್ಕೆ ಇಳಿಸಿದೆ. ಬಿರುಕು ಕಮ್ಮಿಯಾಯಿತು, ಆದರೆ ಒಳಗೆ ಹಿಟ್ಟು ಹಿಟ್ಟು.

ಫ್ರಿಜ್‌ಗೆ ಇಡದೆ, ಬೆಂದ ಅರ್ಧ ಗಂಟೆಯಲ್ಲೇ ಕಲೆಸಿ ತಿಂದಾಗ ಮುರಿಯಲಿಲ್ಲ. ಆದರೆ ಅದು ಬೆಳಿಗ್ಗೆ ತಿಂಡಿಗಾಯಿತು, ಮಧ್ಯಾಹ್ನಕ್ಕೆ ಒದಗುವುದಿಲ್ಲ. ಮುಂದೆ ಎರಡು ಬದಲಾವಣೆ ಮಾಡಿ ನೋಡಬೇಕು ಅಂದುಕೊಂಡಿದ್ದೇನೆ. ಹರಿವಾಣದಲ್ಲಿ ಎಣ್ಣೆ ಎರಡು ಚಮಚಕ್ಕೆ ಏರಿಸುವುದು ಒಂದು. ಅರ್ಧ ರಾಗಿ, ಅರ್ಧ ಡ್ಯೂರಮ್ ಬೇರೆ ಬೇರೆ ಬೇಯಿಸಿ ಕೊನೆಗೆ ಸೇರಿಸುವುದು ಇನ್ನೊಂದು. ರಾಗಿ ಪಾಸ್ತಾ ತಣ್ಣಗೆ ಮುರಿಯದ ಹಾಗೆ ಮಾಡಿದವರಿದ್ದರೆ ಎಷ್ಟು ನಿಮಿಷ ಬೇಯಿಸಿದಿರಿ, ಯಾವ ಆಕಾರದ್ದು ಅಂತ ತಿಳಿಸಿ. ಪ್ಯಾಕೆಟ್‌ನಲ್ಲಿ ಇನ್ನೂ 200 ಗ್ರಾಂ ಉಳಿದಿದೆ.